ಅಂಗೈ ಮೇಲಿನ ಎರಡು ಹೆಸರು

ಅವರ ಎಡಗೈಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ಬರೆದ ಎರಡು ಹೆಸರುಗಳಿದ್ದವು. ಮಣಿಕಟ್ಟಿನ ಹತ್ತಿರ, ನಾಡಿ ಹಿಡಿಯುವ ಜಾಗದಲ್ಲಿ ಇದ್ದದ್ದು ನನ್ನ ಹೆಸರು. ಅದು ಪೂರ್ತಿ ಇತ್ತು. ಅಂಗೈಯ ನಡುವೆ ಬರೆದಿದ್ದ ಇನ್ನೊಂದರಲ್ಲಿ ಕೊನೆಯ ಒತ್ತಕ್ಷರ ಮಾತ್ರ ಉಳಿದಿತ್ತು. ಮಿಕ್ಕದ್ದನ್ನು ತಂಬಾಕು, ಸುಣ್ಣ ತಿಂದಿದ್ದವು. ಅವರು ತಂಬಾಕಿನ ಊರಾದ ನಿಪ್ಪಾಣಿಯವರು. ಬುದ್ಧಿ ಬಂದಾಗಿನಿಂದ ಎಡ ಅಂಗೈಯಲ್ಲಿ ತಂಬಾಕಿಟ್ಟು ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತ ಬಂದ ಮನುಷ್ಯನಿಗೆ ಅಲ್ಲಿ ಹೆಸರು ಬರೆದರೆ ನಿಲ್ಲುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಓಣಿಯ ತಿರುವಿನಲ್ಲಿ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಹೆಸರಿನ ಹಿಂದೆ ‘ಸುಭೇದಾರ’ ಎಂದು ಅಚ್ಚಾಗಿತ್ತು. ಅವರು ಸುಭೇದಾರ ಆಗಿರಲಿಲ್ಲ. ಬದುಕಿದ್ದಾಗ ಯಾರಾದರೂ ಹಾಗೆ ಕರೆದರೆ ನಿಂತಲ್ಲೇ ತಿದ್ದುತ್ತಿದ್ದರು: “ಹವಾಲ್ದಾರರಿ. ಎರಡ ಪಾವಟಿಗಿ ಹೆಚ್ಚಿಗಿ ಏರಿಸಬ್ಯಾಡ್ರಿ, ಬಿದ್ದ್ರ ಸೊಂಟ ಮುರೀತೈತಿ.” ನಾನು ಆ ಫ್ಲೆಕ್ಸಿನ ಮುಂದೆ ನಿಂತು ಚೀಲದಿಂದ ಪೆನ್ನು ತೆಗೆದಿದ್ದೆ. ಕೈಗೆ ಎಟುಕುವ ಎತ್ತರದಲ್ಲಿ ಅದು ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸುತ್ತಿನ ಐದು ತಾಲೂಕಿನಲ್ಲಿ ಅವರನ್ನು ಬಲ್ಲವರಿಗೆಲ್ಲ ಅವರು ಹವಾಲ್ದಾರ ಕಾಕಾ. ಇಲ್ಲಿಯೂ ಅಷ್ಟೇ ಇರಲಿ.

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಚಿಕ್ಕೋಡಿಗೆ ಮರಳಿ, ಮನೆಯ ಅಟ್ಟದ ಕೋಣೆಯಲ್ಲಿ ಪರೀಕ್ಷೆಗಳಿಗೆ ಓದುತ್ತಿದ್ದೆ. ಯಾರ ಜೊತೆಯೂ ಹೆಚ್ಚು ಮಾತಿರಲಿಲ್ಲ. ಮೊದಲಿಂದಲೂ ನನ್ನ ಸ್ವಭಾವ ಅದು. ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎತ್ತರದ ಮುದುಕರೊಬ್ಬರು ನಮ್ಮ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆಸಿದರು. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಪ್ರತಿ ರವಿವಾರ ಒಂದು ಟೆಂಪೋದಲ್ಲಿ ಜನರನ್ನು ಕರೆದುಕೊಂಡು ಹೋಗಿ ಈ ಭಾಗದ ವೀರಗಲ್ಲು, ಹಳೆಯ ವಾಡೆಯ ಬುರುಜು, ಹುತಾತ್ಮರ ಸ್ಮಾರಕ ತೋರಿಸುತ್ತಾರೆ, ನಡುನಡುವೆ ಗುಡ್ಡ, ಹೊಳೆ, ಕಬ್ಬಿನ ಬಯಲು ಎಂದು ಕೇಳಿದ್ದೆ.

“ಮಾತಾಡಾಕ ನಾ ಅದೇನವ್ವಾ,” ಎಂದರು. “ತಪ್ಪ ಹಿಡಿಯಾಕ ಒಬ್ಬರು ಬೇಕಾಗ್ಯಾರ. ಹಿಂದಿನ ಸೀಟಿನ್ಯಾಗ ಕುಂದರು. ನಾ ಸುಳ್ಳ ಹೇಳಿದಲ್ಲಿ ಬರಕೋ. ಮುಂದಿನ ವಾರ ತಿದ್ದಿ ಹೇಳ್ತೇನಿ.”

ಅದು ನನಗೆ ಹೇಳಿ ಮಾಡಿಸಿದ ಕೆಲಸ. ಒಪ್ಪಿಕೊಂಡೆ.

ಟೆಂಪೋದ ಹಿಂಬದಿಗೆ ‘ವೀರ ನಿಸರ್ಗ ದರ್ಶನ’ ಎಂದು ಬರೆಸಿದ್ದರು. ಬೆಳಿಗ್ಗೆ ನಿಪ್ಪಾಣಿಯಿಂದ ಹೊರಟು, ಚಿಕ್ಕೋಡಿಯಲ್ಲಿ ನನ್ನನ್ನು ಹತ್ತಿಸಿಕೊಂಡು, ರಾಯಬಾಗ ದಾಟಿ, ಕೃಷ್ಣೆಯ ಸೇತುವೆ ದಾಟಿ, ಅಥಣಿಯಲ್ಲಿ ಊಟ. ಅಲ್ಲಿಂದ ಕಾಗವಾಡದ ಕಡೆ, ಕಡೆಗೆ ಜುಗೂಳದ ಹೊಳೆದಂಡೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ವಾಪಸು. ಒಂದು ಕಲ್ಲು ತೋರಿಸಿದರೆ ಮುಂದಿನದು ಕಡ್ಡಾಯವಾಗಿ ಒಂದು ನೋಟ ಇರಬೇಕು. ಇದಕ್ಕೆ ಅವರು ಇಟ್ಟ ಹೆಸರು ‘ಖಾರ, ಮಜ್ಜಿಗಿ’.

“ಬರೇ ಖಾರ ಬಡಿಸಿದ್ರ ಮಂದಿ ಎದ್ದ ಹೋಗ್ತಾರ. ಬರೇ ಮಜ್ಜಿಗಿ ಕುಡಿಸಿದ್ರ ನಿದ್ದಿ ಮಾಡ್ತಾರ,” ಎನ್ನುವರು. ಇಳಿಯುವ ಮೊದಲು ಬಾಗಿಲಲ್ಲಿ ನಿಂತು ಘೋಷಿಸುವರು: “ಈಗ ಖಾರ ಐತ್ರಿ, ಗಟ್ಟಿ ಮನಸ ಮಾಡ್ರಿ.” ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ. ಮಿರಜ, ಕೊಲ್ಹಾಪುರದಿಂದ ಬಂದವರೂ ಇರುತ್ತಿದ್ದರು. ಎಲ್ಲ ಮಾತನ್ನೂ ಎರಡು ಸಲ ಹೇಳಬೇಕಾದ್ದರಿಂದ ಒಂದೇ ಜೋಕಿಗೆ ಟೆಂಪೋದಲ್ಲಿ ಎರಡು ನಗು ಏಳುತ್ತಿದ್ದವು, ಮೊದಲು ಕನ್ನಡದ್ದು, ಆಮೇಲೆ ಮರಾಠಿಯದ್ದು. ಎರಡೂ ಬಲ್ಲವರು ಎರಡು ಸಲ ನಗುತ್ತಿದ್ದರು. ಅಂಥವರೇ ಹೆಚ್ಚು.

ಒಂದು ಹಳ್ಳಿಯಲ್ಲಿ ವಾಡೆಯ ಗೋಡೆ ಬಿದ್ದು ಮಣ್ಣಾಗಿ, ಒಂದು ಕಬ್ಬಿಣದ ತೋಪು ಮಾತ್ರ ಅರ್ಧ ಹೂತು ನಿಂತಿತ್ತು. ಒಬ್ಬ ರೈತ ಅದಕ್ಕೆ ಎಮ್ಮೆ ಕಟ್ಟುತ್ತಿದ್ದ. ಬಂದ ಜನ ಫೋಟೋ ತೆಗೆಯಲು ಎಮ್ಮೆ ಬಿಚ್ಚು ಎಂದು ಅವನಿಗೆ ಹೇಳಿದಾಗ, “ಬಿಚ್ಚಿ ಎಲ್ಲಿ ಕಟ್ಲಿರಿ, ನಿಮ್ಮ ಟೆಂಪೋಕ್ಕೇನ?” ಎಂದು ರೇಗಿದ. ಹವಾಲ್ದಾರ ಕಾಕಾ ನಕ್ಕರು. “ಇರಲಿ ಬಿಡೋ ಮಾರಾಯಾ. ಈ ತೋಪು ಹಾರಿಸಿದ ಗುಂಡಿನಕಿಂತ ನಿನ್ನ ಎಮ್ಮಿ ಹಿಂಡಿದ ಹಾಲ ಹೆಚ್ಚ ಐತಿ. ಇಬ್ಬರದೂ ಫೋಟೋ ತಗೀರಿ.” ಆಮೇಲಿಂದ ಆ ರೈತ ಪ್ರತಿ ರವಿವಾರ ನಾವು ಬರುವ ಹೊತ್ತಿಗೆ ಎಮ್ಮೆಗೆ ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ ನಿಲ್ಲಿಸುತ್ತಿದ್ದ.

ನನ್ನ ತಿದ್ದುಪಡಿಗಳನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ಒಂದು ವೀರಗಲ್ಲಿಗೆ ಸಾವಿರ ವರ್ಷ ಎನ್ನುತ್ತಿದ್ದರು. ಅದರ ಮೇಲೆ ಬರಹವಿಲ್ಲ, ಕಾಲ ಹೇಳಲಾಗದು ಎಂದು ಬರೆದುಕೊಟ್ಟೆ. ಮರುವಾರ ಅದೇ ಕಲ್ಲಿನ ಮುಂದೆ, “ಇದರ ವಯಸ್ಸು ಗೊತ್ತಿಲ್ಲ ಅಂತಾರ ನಮ್ಮ ಮೇಡಂ. ಗೊತ್ತಿಲ್ಲ ಅನ್ನಾಕ ಭಾಳ ಓದಬೇಕಾಗತೈತ್ರಿ,” ಎಂದರು. ಜನರ ಮುಂದೆ ನಾನು ಮೇಡಂ. ಬೇರೆ ಹೊತ್ತಿನಲ್ಲಿ ಯವ್ವಾ.

ಒಂದೇ ಒಂದು ಕಲ್ಲಿನ ಮುಂದೆ ಮಾತ್ರ ಅವರು ಜೋಕು ಹೇಳುತ್ತಿರಲಿಲ್ಲ.

ಅಥಣಿ ಬಿಟ್ಟು ಕಾಗವಾಡದ ಕಡೆ ಹೋಗುವಾಗ ಹೆದ್ದಾರಿಯಿಂದ ಒಳಗೆ, ಹೊಳೆಗೆ ಹತ್ತಿರ ಒಂದು ಊರು. ಹನುಮಪ್ಪನ ಗುಡಿಯ ಎದುರು ಹುತಾತ್ಮ ಸೈನಿಕರ ಕಂಬ. ಐದು ಹೆಸರು. ಮೂರನೆಯದನ್ನು ಬೆರಳಿನಿಂದ ಮುಟ್ಟಿ ಅವರು ಹೇಳುತ್ತಿದ್ದರು: “ಇಲ್ಲಿ ಮಾರುತಿ ಅಂತ ಕೊರದಾರ. ಮನೆತನದ ಹೆಸರ ಖರೆ ಐತಿ, ಇವನ ಹೆಸರ ಖರೆ ಅಲ್ಲ. ಇಂವ ಮಾರುತಿ ಅಲ್ರಿ. ರಾಮಪ್ಪ. ನಾವಿಬ್ಬರೂ ಒಂದ ತಾಟಿನ್ಯಾಗ ಉಂಡೇವಿ. ಹಿಮದಾಗ ಹೋದ. ಅವನ ಸಾಮಾನಿನ ಕರೀ ಪೆಟಗಿ ಹೊತಗೊಂಡ ಈ ಊರಿಗೆ ಬಂದಾಂವ ನಾನ. ಎಲ್ಲಾರೂ ಒಮ್ಮಿ ಅನ್ರಿ, ರಾಮಪ್ಪ.” ಜನ ಅನ್ನುತ್ತಿದ್ದರು. ಮಕ್ಕಳು ಜೋರಾಗಿ, ದೊಡ್ಡವರು ಸ್ವಲ್ಪ ಸಂಕೋಚದಿಂದ.

ಆ ಹೊತ್ತಿಗೆ ಸರಿಯಾಗಿ ಓಣಿಯಿಂದ ಒಬ್ಬ ಮುದುಕಿ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬರುತ್ತಿದ್ದರು. ಕುಡಿಯಲು ಕೊಡುವುದು ನೆಪ. ಗಂಡನ ಹೆಸರು ಕೇಳಿದೊಡನೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಹವಾಲ್ದಾರ ಕಾಕಾ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನು ಆಯಿ.

ತಪ್ಪು ಹೇಗಾಯಿತು ಎಂಬುದನ್ನು ಕಾಕಾ ನನಗೆ ಹೇಳಿದ್ದರು. ಕಂಬ ನಿಲ್ಲಿಸುವಾಗ ಹೆಸರಿನ ಯಾದಿ ಮಾಡಲು ಬಂದ ಗುಮಾಸ್ತನಿಗೆ ಮರಾಠಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲಿ ಆಯಿ ಒಬ್ಬರೇ. ಗಂಡನ ಹೆಸರು ಕೇಳಿದ. ಅವರ ಕಾಲದ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲೋ ಸೀಮಂತದ ಕುಬಸದಲ್ಲೋ ಎಲ್ಲರೂ ಕಾಡಿದಾಗ ಎರಡು ಸಾಲಿನ ಒಡಪು ಕಟ್ಟಿ, ಅದರ ನಡುವೆ ಹೆಸರನ್ನು ಹುದುಗಿಸಿ ಹೇಳುತ್ತಾರೆ. ಗಂಡ ಸತ್ತ ಮೇಲೆ ಒಡಪೂ ಇಲ್ಲ. ಆಯಿ ಎದುರಿನ ಗುಡಿಯತ್ತ ಬೆರಳು ತೋರಿಸಿ, “ಅವನ ಎದಿಯಾಗ ಇರಾಂವ” ಎಂದರು. ಹನುಮಪ್ಪನ ಎದೆಯಲ್ಲಿ ಇರುವವನು ರಾಮ. ಗುಮಾಸ್ತನಿಗೆ ‘ಎದಿ’ ತಿಳಿಯಲಿಲ್ಲ, ಗುಡಿ ಕಂಡಿತು. ಮಾರುತಿ ಎಂದು ಬರೆದುಕೊಂಡು ಹೋದ.

ಆಯಿಗೆ ಓದು ಬರುವುದಿಲ್ಲ. ಊರಲ್ಲಿ ಅವರ ಗಂಡನನ್ನು ಎಲ್ಲರೂ ಫೌಜಿ ಎಂದೇ ಕರೆಯುತ್ತಿದ್ದುದರಿಂದ, ಕಾಗದದ ಹೆಸರು ಮಾರುತಿ ಇದ್ದೀತು ಎಂದು ಊರಿನವರು ಅಂದುಕೊಂಡರು. ವರ್ಷಕ್ಕೆರಡು ಸಲ ಝೇಂಡಾ ಏರಿಸುವ ದಿನ ಆಯಿ ಆ ಮೂರನೆಯ ಸಾಲಿನ ಕೆಳಗೆ ಹೂವಿಟ್ಟು ಕೈಮುಗಿಯುತ್ತಿದ್ದರು. ಕಾಕಾ ನಿವೃತ್ತರಾಗಿ, ಟೆಂಪೋ ತೆಗೆದುಕೊಂಡು, ಮೊದಲ ಸಲ ಜನರನ್ನು ಅಲ್ಲಿಗೆ ಕರೆತಂದು ಸತ್ಯ ಹೇಳಿದ ದಿನ ಆಯಿ ಕೇಳಿದರಂತೆ: “ಹಂಗಾರ ಇಷ್ಟ ವರ್ಷ ನಾ ಯಾರಿಗೆ ಹೂವ ಏರಿಸಿದೆರಿ, ಅಣ್ಣಾರ?”

“ಆ ಮಾತಿಗೆ ಉತ್ತರಾ ಕೊಡಾಕ ಈ ಟೆಂಪೋ ಓಡಸಾಕತ್ತೇನಿ,” ಎಂದು ಕಾಕಾ ಒಮ್ಮೆ ನನಗೆ ಹೇಳಿದರು. ಬಾಕಿ ಎಲ್ಲ, ಆ ಬುರುಜು, ತೋಪು, ಹೊಳೆ, ಎಮ್ಮೆ, ಆ ಒಂದು ಕಂಬದವರೆಗೆ ಜನರನ್ನು ತರಲು ಕಟ್ಟಿದ ದಾರಿ. ವಾರಕ್ಕೆ ಹತ್ತು ಹನ್ನೆರಡು ಬಾಯಿಯಾದರೂ ಆ ಹೆಸರನ್ನು ಸರಿಯಾಗಿ ಹೇಳಬೇಕಿತ್ತು.

ನಾನು ಸೇರಿದ ಎರಡನೆಯ ವರ್ಷ ಅವರಿಗೆ ಮರೆವು ಶುರುವಾಯಿತು.

ಮೊದಲು ಗೊತ್ತಾದದ್ದು ಲೆಕ್ಕದಲ್ಲಿ. ಪ್ರತಿ ನಿಲುಗಡೆಯಲ್ಲಿ ಸೈನ್ಯದ ರೀತಿ ತಲೆ ಎಣಿಸುವ ರೂಢಿ ಅವರದು, ಹಿಂದಿಯಲ್ಲಿ, ತೋರುಬೆರಳು ಆಡಿಸುತ್ತ. ರಾಯಬಾಗದಲ್ಲಿ ಒಂದು ದಿನ ಸಾತ್ ಆದ ಮೇಲೆ ಬೆರಳು ನಿಂತಿತು. ಮತ್ತೆ ಏಕ್‌ನಿಂದ ಶುರು. ಮತ್ತೆ ಸಾತ್. ಜನ ಇದೊಂದು ಆಟ ಎಂದುಕೊಂಡು ಒಟ್ಟಾಗಿ “ಆಠ್!” ಎಂದು ಕೂಗಿದರು. ಅವರೂ ನಕ್ಕರು. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿದ್ದುದು ಹಿಂದೆ ನಿಂತ ನನಗೆ ಕಂಡಿತು. ಆಮೇಲೆ ದಾರಿಗಳು ಹೋದವು. ಸ್ಟೀರಿಂಗ್ ಬಿಟ್ಟುಕೊಟ್ಟು ಒಬ್ಬ ಡ್ರೈವರನನ್ನು ಇಟ್ಟರು. ಅವರು ಬಲಕ್ಕೆ ಎಂದು ಕೈ ತೋರಿಸಿದಾಗ ಅವನು ಎಡಕ್ಕೆ ತಿರುಗಿಸುತ್ತ, “ಕಾಕಾ, ಹಾದಿ ಗಾಡಿಗೆ ಪಾಠ ಆಗೇತಿ, ನೀವ ಸುಮ್ಮ ಕುಂದರ್ರಿ,” ಎನ್ನುವನು. ಅವರು ತೋರಿಸಿದ ಕೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಇಟ್ಟುಕೊಳ್ಳುವರು.

ಒಂದು ರವಿವಾರ ಚಿಕ್ಕೋಡಿಯಲ್ಲಿ ನಾನು ಹತ್ತಿದಾಗ ಜನರಿಗೆ ನನ್ನನ್ನು ಪರಿಚಯಿಸಲು ಹೋದರು. “ಇವರು ನಮ್ಮ ಮೇಡಂ, ಇವರ ಹೆಸರು...” ಎಂದು ನಿಂತರು. ನಾನೇ ಹೇಳಿದೆ. ಅಂಥದ್ದನ್ನು ಮುಚ್ಚಿಕೊಳ್ಳುವ ಜಾಣತನ ಆಗ ಅವರಲ್ಲಿನ್ನೂ ಇತ್ತು. “ಹೆಣಮಕ್ಕಳ ಹೆಸರ ಅವರ ಬಾಯಿಂದ ಕೇಳಬೇಕ್ರಿ, ಛಂದ ಇರತೈತಿ,” ಎಂದರು. ಎರಡು ಭಾಷೆಯಲ್ಲೂ ನಗು ಬಂತು.

ಅದೇ ಹೊತ್ತಿಗೆ ಆ ಕಂಬವಿದ್ದ ಊರಿನ ರಸ್ತೆ ಅಗಲ ಮಾಡುವ ಕೆಲಸ ಬಂತು. ಕಂಬ ತೆಗೆದು, ಗುಡಿಯ ಪಕ್ಕದಲ್ಲಿ ಕರಿ ಗ್ರಾನೈಟಿನ ಹೊಸ ಸ್ಮಾರಕ ನಿಲ್ಲಿಸುವುದೆಂದಾಯಿತು. ಹೆಸರುಗಳ ಶುದ್ಧ ಪ್ರತಿ ಬರೆದುಕೊಡಲು ಊರಿನವರು ನನ್ನನ್ನು ಕೇಳಿದರು, ಕಾಕಾ ಮೂಲಕವೇ. ಹೆಸರು, ಪಡೆ, ಊರು, ಕೊನೆಗೆ ‘ಆಧಾರ’ ಎಂದು ನಾಲ್ಕು ಕಾಲಂ ಮಾಡಿದೆ. ಆ ನಾಲ್ಕನೆಯದು ನನ್ನದೇ ಸೇರ್ಪಡೆ. ವಿಶ್ವವಿದ್ಯಾಲಯದಲ್ಲಿ ಕಲಿತ ಶಿಸ್ತು. ಸೋಮವಾರ ಬೆಳಿಗ್ಗೆ ಚಿಕ್ಕೋಡಿಯ ಕಲ್ಲು ಕೊರೆಯುವ ಅಂಗಡಿಗೆ ಅದನ್ನು ಮುಟ್ಟಿಸಬೇಕಿತ್ತು.

ಬುಧವಾರ ಕಾಕಾ ನಮ್ಮ ಮನೆಗೆ ಬಂದರು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

“ಮೂರನೇ ಹೆಸರ ರಾಮಪ್ಪ ಅಂತ ಬರೀತಿ ಹೌದಿಲ್ಲೋ ಯವ್ವಾ?”

ನಾನು ವಿಚಾರಿಸಿ ಆಗಿತ್ತು. ಆ ಕರಿ ಪೆಟ್ಟಿಗೆಯಲ್ಲಿದ್ದ ಸೈನ್ಯದ ಕಾಗದಗಳು ಹೊಳೆಯ ಮಹಾಪೂರದಲ್ಲಿ ಹೋಗಿದ್ದವು. ಪಿಂಚಣಿಯ ಪುಸ್ತಕದಲ್ಲಿ ಆಯಿಯ ಹೆಸರೊಂದೇ. ಕಂಬದ ಯಾದಿ ನೋಡಿ ಬರೆದುಕೊಟ್ಟ ದಾಖಲೆಯಿಂದ ಹುಟ್ಟಿದ ಆಯಿಯ ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು ಮಾರುತಿ, ರೇಶನ್ ಕಾರ್ಡಿನಲ್ಲೂ ಮಾರುತಿ. ಸೈನ್ಯದ ಕಚೇರಿಗೆ ಕಾಕಾ ಬರೆದ ಪತ್ರಗಳಿಗೆ ಉತ್ತರ ಇನ್ನೂ ಬಂದಿರಲಿಲ್ಲ. ಬಾಯಿಮಾತು ಬಿಟ್ಟರೆ ರಾಮಪ್ಪ ಎಂಬುದಕ್ಕೆ ಏನೂ ಇರಲಿಲ್ಲ.

“ಕಾಕಾ, ದಾಖಲಿ ಇಲ್ಲದ ಬರಿಯಾಕ ಬರೂದಿಲ್ಲರಿ. ಮೂರ ಕಡೆ ಮಾರುತಿ ಅಂತನ ಐತಿ.”

“ಮೂರೂ ಆ ಒಂದ ತಪ್ಪಿಗೆ ಹುಟ್ಟಿದ ಮರಿ ಅದಾವು.”

“ಇರಬಹುದು. ಆದ್ರ ತೋರಸಾಕ ಏನಾರ ಬೇಕಲ್ರಿ.”

“ನಾ ಅದೇನಲ್ಲ. ನಾನ ದಾಖಲಿ.” ಎದೆ ತಟ್ಟಿಕೊಂಡರು. “ಈಗಿನ್ನೂ ಅದೇನಿ. ಮುಂದಿನ ವರ್ಷ ನಾ ಇದ್ದರೂ ನನ್ನೊಳಗ ಅಂವ ಇರಾಂಗಿಲ್ಲ. ಗ್ರಾನೈಟ್ ಅಂದ್ರ ನೂರ ವರ್ಷದ್ದ. ಕೈ ಮುಗೀತೇನಿ ಯವ್ವಾ. ಈಗ ಬರೀ.”

ಅವರು ನಿಜವಾಗಿಯೂ ಕೈ ಮುಗಿದರು. ನನಗೆ ಕಿರಿಕಿರಿಯಾಯಿತು. ಯಾರಾದರೂ ಅಂಗಲಾಚಿದರೆ ನಾನು ಗಟ್ಟಿಯಾಗುತ್ತೇನೆ. ಅದು ನನ್ನ ದೋಷ.

“ಕಾಕಾ,” ಎಂದೆ, “ಹ್ವಾದ ವಾರ ನೀವು ನನ್ನ ಹೆಸರ ಮರತಿದ್ರಿ.”

ಅವರು ಟೊಪ್ಪಿಗೆಯ ಮಡಿಕೆಯನ್ನು ಬೆರಳಿನಿಂದ ಸರಿಮಾಡಿದರು, ತಲೆಗೆ ಇಟ್ಟುಕೊಂಡರು, ಎದ್ದರು. ನಮ್ಮ ಅವ್ವ ಚಹಾ ತಂದಾಗ ಕಟ್ಟೆ ಖಾಲಿಯಿತ್ತು. ಆ ರಾತ್ರಿಯೇ ನಾನು ಶುದ್ಧ ಪ್ರತಿ ಬರೆದು ಮುಗಿಸಿದೆ. ಮೂರನೆಯ ಸಾಲು: ಮಾರುತಿ. ಆಧಾರ: ಹಳೆಯ ಸ್ಮಾರಕ.

ರವಿವಾರ ಟೆಂಪೋ ಬಂದಾಗ ಅವರೇ ಇಳಿದು ನನಗೆ ಬಾಗಿಲು ತೆಗೆದರು. ಏನೂ ಆಗಿಲ್ಲವೆಂಬಂತೆ ಎಡಗೈ ಮುಂದೆ ಚಾಚಿದರು.

“ನೋಡವ್ವಾ. ಇವತ್ತ ಮರಿಯಾಂಗಿಲ್ಲ.”

ಎರಡು ಹೆಸರು. ಮೇಲೆ ನನ್ನದು, ಕೆಳಗೆ ರಾಮಪ್ಪನದು. ಅಕ್ಷರಗಳು ಶಾಲೆಯ ಹುಡುಗರ ಕಾಪಿಯಂತೆ ದುಂಡಗಿದ್ದವು, ನಿಧಾನವಾಗಿ ಬರೆದಿರಬೇಕು. ನಾನು ಹಿಂದಿನ ಸೀಟಿಗೆ ಹೋಗಿ ಕೂತೆ. ದಾರಿಯುದ್ದಕ್ಕೂ ಶುದ್ಧ ಪ್ರತಿ ಇಟ್ಟಿದ್ದ, ತೊಡೆಯ ಮೇಲಿನ ಫೈಲನ್ನೇ ನೋಡುತ್ತಿದ್ದೆ. ರಾಯಬಾಗದಲ್ಲಿ ಅವರು ತಂಬಾಕು ತಿಕ್ಕಿದರು. ಸೇತುವೆಯ ಮೇಲೆ ಟೆಂಪೋ ನಿಲ್ಲಿಸಿ ಜನ ಕೃಷ್ಣೆಯ ಫೋಟೋ ತೆಗೆಯುವಾಗ ಕಟಾಂಜನಕ್ಕೆ ಒರಗಿ ಮತ್ತೊಮ್ಮೆ ತಿಕ್ಕಿದರು. ಅಥಣಿಯಲ್ಲಿ ಊಟದ ಮೇಲೆ ಮತ್ತೆ. ಎದುರಿಗೇ ಇದ್ದೆ. ತಪ್ಪು ಹಿಡಿಯಲೆಂದೇ ಇದ್ದವಳು ನಾನು. ಅದೊಂದನ್ನು ಹಿಡಿಯಲಿಲ್ಲ.

ಕಂಬದ ಹತ್ತಿರ ಆಗಲೇ ಜಲ್ಲಿ ಬಿದ್ದಿತ್ತು. ಮಿರಜದಿಂದ ಬಂದ ಹನ್ನೊಂದು ಜನ ನಿವೃತ್ತರು ಅರ್ಧ ಸುತ್ತಾಗಿ ನಿಂತರು. ಓಣಿಯ ನಳದ ಹತ್ತಿರ ನಾಲ್ಕೈದು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಆಯಿ ತಂಬಿಗೆ ಹಿಡಿದು ಬಂದು, ಸೆರಗಿನ ತುದಿಯನ್ನು ಆಗಲೇ ಬೆರಳಲ್ಲಿ ಹಿಡಿದುಕೊಂಡಿದ್ದರು.

ಕಾಕಾ ಮೂರನೆಯ ಸಾಲಿಗೆ ಬೆರಳಿಟ್ಟರು. “ಇಲ್ಲಿ ಒಂದ ತಪ್ಪೈತ್ರಿ,” ಎಂದರು. ನಿಂತರು. ಎಡಗೈ ತೆರೆದು ನೋಡಿದರು. ಕಣ್ಣಿಗೆ ಹತ್ತಿರ ತಂದು ನೋಡಿದರು. ಅಂಗೈಯನ್ನು ಅಂಗಿಗೆ ಒರೆಸಿ ಮತ್ತೆ ನೋಡಿದರು. ಮಿರಜದವರೊಬ್ಬರು ಏನಾದರೂ ಚುಚ್ಚಿತೇ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಕಂಬದ ಕಡೆ ತಿರುಗಿದರು, ತುಟಿ ಅಲುಗಿಸಿದರು, ಓದಿದರು.

“ಇಂವ... ಇವನ ಹೆಸರು ಮಾರುತಿ. ಎಲ್ಲಾರೂ ಒಮ್ಮಿ ಅನ್ರಿ.”

ಹನ್ನೊಂದು ಜನ ಅಂದರು: ಮಾರುತಿ.

ಆಯಿ ಸೆರಗು ಎಳೆದುಕೊಳ್ಳಲಿಲ್ಲ. ಕಾದರು. ನನ್ನ ಕಡೆ ನೋಡಿದರು. ಎರಡು ವರ್ಷದಿಂದ ಪ್ರತಿ ವಾರ ಹಿಂದಿನಿಂದ ತಪ್ಪು ಬರೆದುಕೊಳ್ಳುತ್ತಿದ್ದ ಹುಡುಗಿ ಈಗಲಾದರೂ ಬಾಯಿ ತೆರೆದಾಳು ಎಂದು ನೋಡಿದರೋ ಏನೋ. ನನ್ನ ಬಾಯಿ ತೆರೆಯಲಿಲ್ಲ. ಫೈಲು ನನ್ನ ಎದೆಗೆ ಒತ್ತಿಕೊಂಡಿತ್ತು.

ಆಯಿ ತಂಬಿಗೆಯನ್ನು ಕಂಬದ ಬುಡದಲ್ಲಿಟ್ಟರು. ಸೆರಗು ತಲೆಯ ಮೇಲೆ ಹೊದ್ದು, ನೆಲ ನೋಡುತ್ತ, ಹುಡುಗಿಯರು ಹೇಳುವ ರಾಗದಲ್ಲಿ, ಒಡೆದ ದನಿಯಲ್ಲಿ ಹೇಳಿದರು:

“ಕೃಷ್ಣಾ ಹೊಳಿ ನೀರ ಕೊಡ ತುಂಬಿ ತರತೇನ,
ರಾಮಪ್ಪನವರ ಹೆಸರ ನಿಮ್ಮ ಮುಂದ ಹೇಳತೇನ.”

ನಳದ ಹತ್ತಿರ ಒಬ್ಬಳು, “ಅಯ್ಯ, ಆಯಿ!” ಎಂದಳು. ಅವಳ ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅದು ಅವರ ಮದುವೆಯಲ್ಲಿ ಹೇಳಿದ ಒಡಪು ಎಂದು ಆಮೇಲೆ ಗೊತ್ತಾಯಿತು. ಮುತ್ತೈದೆಯರು ಮಾತ್ರ ಹೇಳುವಂಥದ್ದು. ಕುಂಕುಮ ಅಳಿಸಿದ ಮೇಲೆ ಅದನ್ನು ನಾಲಿಗೆಗೆ ತಂದ ಹೆಂಗಸನ್ನು ಆ ಊರು ನೋಡಿರಲಿಲ್ಲ.

ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. “ಹಾಂ. ರಾಮಪ್ಪ. ರಾಮಪ್ಪ.” ನನ್ನತ್ತ ತಿರುಗಿ ಕೇಳಿದರು: “ನಾ ಏನಂದೆ ಮೇಡಂ?”

“ಅದನ್ನ ಅಂದ್ರಿ, ಕಾಕಾ.”

“ಸುಳ್ಳ ಹೇಳಬ್ಯಾಡವ್ವಾ,” ಎಂದರು, ಜನರ ಮುಂದೆಯೇ. “ನಿನ್ನ ತಪ್ಪ ಹಿಡಿಯಾಕ ಇಟಗೊಂಡೇನಿ.”

ಜುಗೂಳದಲ್ಲಿ ಅವತ್ತು ಹೊಳೆ ತುಂಬ ಶಾಂತವಾಗಿತ್ತು. ಆಚೆ ದಡದ ಕಬ್ಬಿನ ಮೇಲೆ ಬಿಸಿಲು ಕೆಂಪಾಗಿತ್ತು. ಡ್ರೈವರನೇ ಜನರನ್ನು ಇಳಿಸಿ ದಾರಿ ತೋರಿಸಿದ. ಕಾಕಾ ಘೋಷಣೆ ಮಾಡಲಿಲ್ಲ. ದಂಡೆಯ ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ನಾನು ಒಂದು ಮೆಟ್ಟಿಲು ಕೆಳಗೆ ಕೂತೆ.

“ಯವ್ವಾ,” ಎಂದು ಮೆಲ್ಲಗೆ ಕೇಳಿದರು, “ಇದು ಖಾರೋ, ಮಜ್ಜಿಗ್ಯೋ?”

“ಮಜ್ಜಿಗಿರಿ, ಕಾಕಾ.”

“ಹೌದಾ?” ಎಂದರು. ನಂಬಿದಂತೆ ಕಾಣಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ನನಗೆ ಕೊಟ್ಟು, ಎಡಗೈ ಚಾಚಿದರು. “ಬರೀ. ನನ್ನ ಕೈಲೇ ಆಗವಲ್ದು. ತಿಕ್ಕಿದ್ರೂ ಹೋಗದಲ್ಲಿ ಬರೀ.”

ಆಗ ಆ ಅಂಗೈಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಸುಣ್ಣಕ್ಕೆ ಚರ್ಮ ಬೆಳ್ಳಗೆ ಸುಲಿದು, ಉಳಿದ ‘ಪ್ಪ’ ಬೆವರಿಗೆ ಹರಡಿತ್ತು. ಮಣಿಕಟ್ಟಿನಲ್ಲಿ ನನ್ನ ಹೆಸರು ಸ್ಪಷ್ಟವಾಗಿತ್ತು. ಅವರಿಗೆ ಆ ದಿನ ಬೇಕಾಗಿದ್ದದ್ದು ಒಂದೇ ಹೆಸರು. ನಾನು ಬುಧವಾರ ಆಡಿದ ಮಾತಿಗಾಗಿ ಒಳ್ಳೆಯ ಜಾಗವನ್ನು ನನ್ನದಕ್ಕೆ ಕೊಟ್ಟಿದ್ದರು.

ನನ್ನ ಹೆಸರಿನ ಕೆಳಗೆ, ಒತ್ತಾಗಿ, ರಾಮಪ್ಪ ಎಂದು ಬರೆದೆ. ಅವರು ಓದಿ, ತಲೆಯಾಡಿಸಿ, ತೋಳನ್ನು ಮಡಚಿ ಎದೆಗೆ ಹಿಡಿದುಕೊಂಡು ಕೂತರು. ಮತ್ತೆಂದೂ ಟೆಂಪೋ ಓಡಲಿಲ್ಲ. ಆಮೇಲೆ ನಿಪ್ಪಾಣಿಯಲ್ಲಿ ನಾನು ಅವರನ್ನು ನೋಡಲು ಹೋದಾಗಲೆಲ್ಲ ಯಾರು ನೀವು ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ನಾನು ಪ್ರತಿ ಸಲ ಹೆಸರು ಹೇಳುತ್ತಿದ್ದೆ.

ಆ ರವಿವಾರದ ಮರುದಿನ, ಸೋಮವಾರ ಬೆಳಿಗ್ಗೆ, ನಾನು ಹಳೆಯ ಪ್ರತಿಯನ್ನು ಒಲೆಗೆ ಹಾಕಿ ಹೊಸದು ಬರೆದೆ. ನಾಲ್ಕು ಸಾಲು ಇದ್ದ ಹಾಗೆಯೇ. ಮೂರನೆಯದರಲ್ಲಿ ರಾಮಪ್ಪ. ಆಧಾರ ಎಂಬಲ್ಲಿ ಮೊದಲು ಕಾಕಾ ಅವರ ಪೂರ್ಣ ಹೆಸರು ಬರೆದು, ಹವಾಲ್ದಾರ, ನಿವೃತ್ತ, ಕಣ್ಣಾರೆ ಕಂಡವರು ಎಂದು ಸೇರಿಸಿದೆ. ಅದರ ಕೆಳಗೆ: ಹೆಂಡತಿ ಹೇಳಿದ ಒಡಪು. ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದೆ.

ಕಲ್ಲು ಕೊರೆಯುವವರು ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಯ ಕಾಲಂನಲ್ಲಿ ಬೆರಳು ನಿಂತಿತು.

“ಮೇಡಂ, ಒಡಪು ಆಧಾರ ಆಗತೈತೇನ್ರಿ?”

“ಆಗತೈತ್ರಿ,” ಎಂದೆ. “ಯಾರರೆ ಕೇಳಿದ್ರ ನನ್ನ ಕಡೆ ಕಳಸ್ರಿ.” ಕಾಗದದ ಕೆಳಗೆ ಸಹಿ ಮಾಡಿದೆ.

ಅವರು ಕರಿ ಕಲ್ಲಿನ ಮೇಲೆ ಬಿಳಿ ಪೆನ್ಸಿಲಿನಿಂದ ಐದು ಸಾಲು ಗುರುತು ಮಾಡಿದರು. ಆಮೇಲೆ ಮಶೀನಿನ ಗುಂಡಿಯ ಮೇಲೆ ಕೈಯಿಟ್ಟು ಹೇಳಿದರು: “ಬಂದವರ ಬಾಯಿಂದ ಒಮ್ಮಿ ಓದಿಸಿಕೊಂಡ ಚಾಲೂ ಮಾಡ್ತೇನ್ರಿ. ಕೊರದ ಮ್ಯಾಲ ತಪ್ಪಂದ್ರ ನಾ ಏನ ಮಾಡಾಕ ಬರೂದಿಲ್ಲ. ದೊಡ್ಡ ಧ್ವನಿಲೆ ಓದ್ರಿ.”

ದೊಡ್ಡ ಧ್ವನಿ ನನಗೆ ರೂಢಿಯಿಲ್ಲ. ಅಂಗಡಿಯ ಬಾಗಿಲಲ್ಲಿ ಚಹಾ ಕುಡಿಯುವವರು ತಿರುಗಿ ನೋಡುವ ಹಾಗೆ ಐದೂ ಹೆಸರು ಓದಿದೆ. ಮೂರನೆಯದನ್ನು ಎರಡು ಸಲ.